ಸ್ಕ್ರೀನ್ ರೀಡರ್ ನಮ್ಮ ಸೈಟಿನ ಕನ್ನಡ ಓದ್ತಾ ಇಲ್ಲ, ಎಲ್ಲಾ ಸರಿ ಇದ್ರೂ! (ದಾವಣಗೆರೆ)

ಬೆಣ್ಣೆನಗರಿ_17
ತಲೆ ಕೆಟ್ಟು ಹೋಗಿದೆ. ಪಿ.ಜೆ. ಬಡಾವಣೆಯ ನಮ್ಮ ಕೋಚಿಂಗ್ ಸೆಂಟರಿಗೆ ಸೈಟ್ ಮಾಡಿದ್ದೇನೆ. ಎಫ್‌ಡಿಎ, ಎಸ್‌ಡಿಎ, ಪಿಡಿಒ ನೋಟ್ಸ್ ಎಲ್ಲಾ ಅದರಲ್ಲಿದೆ. ಕಣ್ಣು ಕಾಣದ ಒಬ್ಬ ಹುಡುಗ ನಮ್ಮಲ್ಲಿ ಓದುತ್ತಾನೆ. ಎನ್‌ವಿಡಿಎ (ಪರದೆ ಮೇಲಿರೋದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಸಾಫ್ಟ್‌ವೇರ್) ಹಾಕಿಕೊಂಡು ಸೈಟ್ ತೆರೆದರೆ ಏನೇನೋ ಒದರುತ್ತಂತೆ, ಒಂದು ಪದವೂ ಅರ್ಥ ಆಗಲ್ಲವಂತೆ. ಸೈಟಲ್ಲಿ ಏನೂ ತಪ್ಪಿಲ್ಲ. ಸೈಟ್ ಪರೀಕ್ಷಿಸುವ ಟೂಲ್ ಲೈಟ್‌ಹೌಸ್‌ನಲ್ಲಿ ಆಕ್ಸೆಸಿಬಿಲಿಟಿ (ವಿಕಲಚೇತನರೂ ಬಳಸಬಹುದಾ ಅನ್ನೋದು) 100ಕ್ಕೆ 100 ಬಂದಿದೆ. ಆಲ್ಟ್ ಟೆಕ್ಸ್ಟ್ (ಚಿತ್ರಗಳ ವಿವರಣೆ), ಬಣ್ಣದ ಕಾಂಟ್ರಾಸ್ಟ್ ಎಲ್ಲಾ ನೋಡಿದ್ದೇನೆ. ಎನ್‌ವಿಡಿಎಯ ಕನ್ನಡವೇ ಸರಿ ಇಲ್ಲ ಅನ್ಸುತ್ತೆ. ಬೇಗ ಹೇಳಿ, ಸೋಮವಾರ ಹೊಸ ಬ್ಯಾಚ್ ಶುರು.

ಕೋಟೆ_ಕೋಡರ್
ಪುಟದ ಕೋಡಿನಲ್ಲಿ ಭಾಷೆ ತಿಳಿಸೋ ಲ್ಯಾಂಗ್ ಆಟ್ರಿಬ್ಯೂಟ್ ಹಾಕಿದ್ದೀರಾ? ನೂರಕ್ಕೆ ತೊಂಬತ್ತು ಸಲ ಅದೇ ಆಗಿರುತ್ತೆ. ವೆಬ್ ಆಕ್ಸೆಸಿಬಿಲಿಟಿ ಮಾರ್ಗಸೂಚಿ ಡಬ್ಲ್ಯೂಸಿಎಜಿಯ 3.1.1, ಲೆವೆಲ್ ಎ. ಪುಟದ ಭಾಷೆ ಯಾವುದು ಅಂತ ಹೇಳದಿದ್ದರೆ ಸ್ಕ್ರೀನ್ ರೀಡರ್ ತನ್ನ ಮಾಮೂಲಿ ದನಿಯಲ್ಲೇ ಓದುತ್ತೆ.

ಬೆಣ್ಣೆನಗರಿ_17
ಹಾಕಿದ್ದೇನೆ ಸರ್. ಕೆಎ ಅಂತ ಇದೆ.

ಕೋಟೆ_ಕೋಡರ್
ಸಿಕ್ತು ನೋಡಿ! ಗಾಡಿ ನಂಬರ್ ಪ್ಲೇಟ್ ನೋಡಿ ಹಾಕಿದ್ರಾ? ಕೆಎ ಅಂದರೆ ಜಾರ್ಜಿಯನ್ ಭಾಷೆ. ಕನ್ನಡಕ್ಕೆ ಕೆಎನ್. ಕೆಎ ಕೂಡ ಒಂದು ಭಾಷೆಯ ಸರಿಯಾದ ಕೋಡೇ ಆಗಿರೋದರಿಂದ ಲೈಟ್‌ಹೌಸ್ ಸುಮ್ಮನೆ ಬಿಟ್ಟಿದೆ. ಬದಲಾಯಿಸಿ, ಆಮೇಲೆ ನನಗೆ ಒಂದು ಬೆಣ್ಣೆ ದೋಸೆ ಕೊಡಿಸಿ.

ಬೆಣ್ಣೆನಗರಿ_17
ಬದಲಾಯಿಸಿದೆ. ಏನೂ ಆಗಿಲ್ಲ. ಅದೇ ಗೋಳು.

ಕೋಟೆ_ಕೋಡರ್
ಕ್ಯಾಶ್ ಕ್ಲಿಯರ್ ಮಾಡಿ. ಎನ್‌ವಿಡಿಎ ಸೆಟ್ಟಿಂಗ್ಸ್‌ನ ಸ್ಪೀಚ್ ಭಾಗದಲ್ಲಿ ಭಾಷೆ ತಾನಾಗೇ ಬದಲಾಗುವ ಆಯ್ಕೆ ಆನ್ ಇದೆಯಾ ನೋಡಿ.

ಬೆಣ್ಣೆನಗರಿ_17
ಎರಡೂ ಆಯ್ತು. ಆಗಲಿಲ್ಲ.

ಕೋಟೆ_ಕೋಡರ್
ಹಾಗಾದ್ರೆ ಪ್ರತಿ ಪ್ಯಾರಾಗೂ ಬೇರೆ ಬೇರೆ ಲ್ಯಾಂಗ್ ಹಾಕಿ. ಖಂಡಿತ ಇದೇ ಸಮಸ್ಯೆ.

ಗ್ಲಾಸ್‌ಹೌಸ್_ಗಿರಾಕಿ
ಇಷ್ಟೆಲ್ಲಾ ಯಾಕೆ ಅಣ್ಣಾ? ಸೈಟಿನ ಮೂಲೆಯಲ್ಲಿ ವೀಲ್‌ಚೇರ್ ಗುಂಡಿ ಬರುತ್ತಲ್ಲ, ಆ ಆಕ್ಸೆಸಿಬಿಲಿಟಿ ವಿಜೆಟ್ ಹಾಕಿ. ಒಂದು ಸಾಲು ಸ್ಕ್ರಿಪ್ಟ್ ಅಷ್ಟೆ. ಅಲ್ಲದೆ ಒಬ್ಬ ಹುಡುಗನಿಗೋಸ್ಕರ ಇಷ್ಟು ಒದ್ದಾಟ ಬೇಕಾ?

ಕಿವಿಯಲ್ಲೇ_ಓದುವೆ
ನಾನೂ ಸ್ಕ್ರೀನ್ ರೀಡರ್ ಬಳಸುವವನೇ, ಚಿತ್ರದುರ್ಗದಿಂದ. ಆ ವಿಜೆಟ್ ನಮಗೆ ಉಪಯೋಗಕ್ಕೆ ಬರಲ್ಲ. ಓದುವ ಸಾಫ್ಟ್‌ವೇರ್ ನಮ್ಮ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತೆ, ಅದೂ ಪುಕ್ಕಟೆ. ವಿಜೆಟ್ ಬಂದು ಅದರ ಶಾರ್ಟ್‌ಕಟ್ ಕೀಗಳಿಗೆ ಅಡ್ಡ ಬರೋದೇ ಜಾಸ್ತಿ. ಒಬ್ಬನಿಗೋಸ್ಕರ ಅಂದಿರಲ್ಲ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಖಾಸಗಿಯವರೂ ಬರುತ್ತಾರೆ, ಓದಿಕೊಳ್ಳಿ.

ಗ್ಲಾಸ್‌ಹೌಸ್_ಗಿರಾಕಿ
ಸುಮ್ನೆ ಒಂದು ಐಡಿಯಾ ಹೇಳಿದೆ ಮಾರಾಯ್ರೇ. ಕೋರ್ಟಿಗೆ ಎಳೀಬೇಡಿ.

ಮಂಡಕ್ಕಿ_ಮಿರ್ಚಿ
ನನ್ನ ಸೆಟಪ್‌ನಲ್ಲಿ ಈ ತಾಪತ್ರಯವೇ ಇಲ್ಲ. ಹಳೇ ಥಿಂಕ್‌ಪ್ಯಾಡ್, ಡೆಬಿಯನ್ ಲಿನಕ್ಸ್, ಓರ್ಕಾ ಸ್ಕ್ರೀನ್ ರೀಡರ್. ಕೀಬೋರ್ಡಿನ ಒಂದೊಂದು ಕೀ ಮೇಲೂ ಇನ್‌ಸ್ಕ್ರಿಪ್ಟ್ (ಭಾರತೀಯ ಭಾಷೆಗಳ ಕೀಬೋರ್ಡ್ ಲೇಔಟ್) ಅಕ್ಷರ ಹಾಕಿಸಿದ್ದೇನೆ. ಕತ್ತಲಲ್ಲೂ ಕಾಣಲಿ ಅಂತ ಒಳಗಿನಿಂದ ಲೈಟ್ ಬರುತ್ತೆ. ಫೋಟೋ ಬೇಕಾದರೆ ಹಾಕ್ತೀನಿ.

ಹಳೇಪೇಟೆ_ಹೈದ
ಇನ್‌ಸ್ಕ್ರಿಪ್ಟಾ? ಅದನ್ನ ಯಾರು ಬಳಸ್ತಾರೆ ಸ್ವಾಮಿ. ಕರ್ನಾಟಕದಲ್ಲಿ ಟೈಪ್ ಮಾಡೋರು ಅಂದರೆ ಕೆಜಿಪಿ ಲೇಔಟ್. ಕೆ ಒತ್ತಿದರೆ ಕ. ಮುಗೀತು.

ಮಂಡಕ್ಕಿ_ಮಿರ್ಚಿ
ಇನ್‌ಸ್ಕ್ರಿಪ್ಟ್ ಒಂದು ಸಲ ಕಲಿತರೆ ತೆಲುಗು, ಹಿಂದಿ ಎಲ್ಲಾ ಅದೇ ಜಾಗದಲ್ಲಿ ಸಿಗುತ್ತೆ. ನಿಮಗೆ ಕಲಿಯೋಕೆ ಸೋಮಾರಿತನ.

ಬೆಣ್ಣೆನಗರಿ_17
ದಯವಿಟ್ಟು ಕೀಬೋರ್ಡ್ ಜಗಳ ಬೇರೆ ಕಡೆ ಮಾಡಿ. ನಮ್ಮ ಮ್ಯಾಟರ್ ಟೈಪ್ ಮಾಡಿಕೊಟ್ಟ ಡಿಟಿಪಿಯವರೂ ಕೆಜಿಪಿಯೇ, ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಿನಲ್ಲಿ. ಅದಕ್ಕೂ ನನ್ನ ಸಮಸ್ಯೆಗೂ ಏನು ಸಂಬಂಧ?

ಕಿವಿಯಲ್ಲೇ_ಓದುವೆ
ತಡೀರಿ ತಡೀರಿ. ಡಿಟಿಪಿಯವರಾ? ಹೆಡಿಂಗ್, ಮೆನುಗಳನ್ನು ಸರಿಯಾಗಿ ಓದುತ್ತಾ ಅಂತ ಆ ಹುಡುಗನನ್ನು ಕೇಳಿ.

ಬೆಣ್ಣೆನಗರಿ_17
ಕೇಳಿದೆ. ಹೆಡಿಂಗ್, ಮೆನು ಚೆನ್ನಾಗೇ ಓದುತ್ತಂತೆ. ಅವನ್ನ ನಾನೇ ಮೊಬೈಲಲ್ಲಿ ಟೈಪ್ ಮಾಡಿದ್ದು. ನೋಟ್ಸ್ ಒಳಗೆ ಹೋದರೆ ಮಾತ್ರ ಕಷ್ಟ.

ಕಿವಿಯಲ್ಲೇ_ಓದುವೆ
ಇದನ್ನು ಮೊದಲೇ ಹೇಳಬಾರದಾ! ನೋಟ್ಸ್‌ನಲ್ಲಿ 'ಕದಂಬ' ಪದದ ಮೊದಲ ಅಕ್ಷರಕ್ಕೆ ಕರ್ಸರ್ ತನ್ನಿ. ಎನ್‌ವಿಡಿಎ ಆನ್ ಇರುವಾಗ ನಂಬರ್ ಪ್ಯಾಡಿನ 2 ಅನ್ನು ಬೇಗ ಬೇಗ ಮೂರು ಸಲ ಒತ್ತಿ. ಕಂಪ್ಯೂಟರಿನಲ್ಲಿ ಆ ಅಕ್ಷರಕ್ಕಿರೋ ಕೋಡ್ ಸಂಖ್ಯೆ ಹೇಳುತ್ತೆ. ಕ ಆಗಿದ್ದರೆ 3221 ಅನ್ನಬೇಕು.

ಬೆಣ್ಣೆನಗರಿ_17
80 ಅಂತು.

ಕಿವಿಯಲ್ಲೇ_ಓದುವೆ
80 ಅಂದರೆ ಇಂಗ್ಲಿಷಿನ ದೊಡ್ಡ ಪಿ. ನಿಮ್ಮ ಪುಟದಲ್ಲಿ ಕನ್ನಡವೇ ಇಲ್ಲ. ನುಡಿಯ ಹಳೇ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಕೋಡ್ ಬಳಸೋ) ಫಾಂಟು ಪಿ ಅಕ್ಷರದ ಜಾಗದಲ್ಲಿ ಕ ದ ಆಕಾರ ಬರೆದಿಟ್ಟಿದೆ, ಅದರ ಮೇಲಿನ ತಲೆಕಟ್ಟಿಗೆ ಓರೆ ಗೀಟಿನ ಎ. ನ ದ ಜಾಗದಲ್ಲಿ ಪೌಂಡ್ ಗುರುತು. ನಿಮಗೆ ಕಾಣೋದು ಆ ಆಕಾರ. ನಮಗೆ ಕೇಳಿಸೋದು ಪಿ, ಎ, ಪೌಂಡ್. ಲ್ಯಾಂಗ್ ಏನೇ ಹಾಕಿದರೂ ಇದು ಸರಿ ಹೋಗಲ್ಲ.

ನಂಬಿಕೆ ಬರದಿದ್ದರೆ ನೋಟ್ಸ್ ಪುಟದಲ್ಲಿ ಕಂಟ್ರೋಲ್ ಎಫ್ ಒತ್ತಿ 'ಕದಂಬ' ಹುಡುಕಿ.

ಬೆಣ್ಣೆನಗರಿ_17
ಒಂದೂ ಸಿಗಲಿಲ್ಲ. ಕಣ್ಣೆದುರಿಗೇ ಇದೆ! ಹಳೇ ಸೈಟಿನ ಸಿಎಸ್‌ಎಸ್ (ಪುಟದ ಅಂದಚಂದದ ಫೈಲ್) ಎತ್ತಿಕೊಂಡಿದ್ದೆ, ಅದರಲ್ಲಿ ನುಡಿ ಫಾಂಟ್ ಸೇರಿಸಿದ್ದಾರೆ. ಈಗ ಅದನ್ನ ತೆಗೆದರೆ ಪುಟ ಪೂರ್ತಿ ಕಸ. ಹಂಗಾದ್ರೆ ಲೈಟ್‌ಹೌಸ್ 100 ಯಾಕೆ ಕೊಡ್ತು?

ಕೋಟೆ_ಕೋಡರ್
ಅದು ಟ್ಯಾಗ್ ನೋಡುತ್ತೆ, ಕಾಂಟ್ರಾಸ್ಟ್ 4.5ಕ್ಕೆ 1 ಇದೆಯಾ ಅಂತ ಲೆಕ್ಕ ಹಾಕುತ್ತೆ. ಬರೆದಿರೋದು ಯಾವ ಭಾಷೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅಂದ ಹಾಗೆ ಕೆಎ ಬದಲಾಯಿಸಿದ್ದು ಹೇಗಿದ್ದರೂ ಬೇಕಿತ್ತು.

ಹಳೇಪೇಟೆ_ಹೈದ
ಆಸ್ಕಿಯಿಂದ ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೇ ಸ್ವಂತ ಸಂಖ್ಯೆ ಇರೋ ಕೋಡ್) ಬದಲಾಯಿಸೋ ಕನ್ವರ್ಟರ್ ಆನ್‌ಲೈನ್ ಸಿಗುತ್ತೆ. ಹಾಕಿ ತೆಗೀರಿ. ಮುಂದೆ ಡಿಟಿಪಿಯವರಿಗೆ ನುಡಿಯಲ್ಲೇ ಯೂನಿಕೋಡ್ ಆಯ್ಕೆ ಮಾಡಿಕೊಳ್ಳಿ ಅಂತ ಹೇಳಿ. ಲೇಔಟ್ ಅದೇ ಕೆಜಿಪಿ, ಬೆರಳು ಹೊಸದಾಗಿ ಕಲಿಯೋದು ಏನಿಲ್ಲ.

ಮಂಡಕ್ಕಿ_ಮಿರ್ಚಿ
ಇನ್‌ಸ್ಕ್ರಿಪ್ಟ್ ಆಗಿದ್ದರೆ ಈ ಪಾಡೇ ಬರ್ತಿರಲಿಲ್ಲ. ಅಷ್ಟೇ ಹೇಳ್ತೀನಿ.

ಬೆಣ್ಣೆನಗರಿ_17
ಕನ್ವರ್ಟ್ ಮಾಡಿದೆ. ಹುಡುಗನಿಗೆ ಇತಿಹಾಸದ ಪಾಠ ಪೂರ್ತಿ ಓದಿ ಹೇಳಿತು. ಆದರೆ ಕೆಲವು ಕಡೆ 'ಕರ್ನಾಟಕ' ಬಂದಾಗ 'ಕನಾ ಒಂಬತ್ತು ಟಕ' ಅನ್ನುತ್ತಂತೆ. ಅವನು ನಗ್ತಾ ಇದ್ದಾನೆ, ನನಗೆ ಅಳು ಬರ್ತಿದೆ.

ಕಿವಿಯಲ್ಲೇ_ಓದುವೆ
ಅದು ಟೈಪ್ ಮಾಡಿದವರ ಕೈಚಳಕ. ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತು ಒತ್ತಿದ್ದಾರೆ, 'ಕನಾ೯ಟಕ'. ನೋಡೋಕೆ ಒಂದೇ ಥರ ಅಲ್ವಾ. ಒಂಬತ್ತನ್ನೆಲ್ಲಾ ಸುಮ್ಮನೆ ರಿಪ್ಲೇಸ್ ಮಾಡಲು ಹೋಗಬೇಡಿ, '೧೯೫೬' ಕೂಡ ಹಾಳಾಗುತ್ತೆ. ಹಿಂದೆ ಅಂಕಿ ಇಲ್ಲದೆ ಅಕ್ಷರ ಇರೋ ಒಂಬತ್ತನ್ನು ಮಾತ್ರ ಹಿಡೀರಿ. ಹಿಡಿದ ಮೇಲೆ ಅದೇ ಜಾಗದಲ್ಲಿ ರ್ ಹಾಕಿದರೂ ತಪ್ಪು. ಯೂನಿಕೋಡ್‌ನಲ್ಲಿ ರ್ ಮೊದಲು, ಆಮೇಲೆ ನಾ. ಒಂದು ಅಕ್ಷರ ಹಿಂದಕ್ಕೆ ಸರಿಸಬೇಕು. ಒತ್ತಕ್ಷರ ಇದ್ದರೆ ಪೂರ್ತಿ ಒತ್ತಕ್ಷರದ ಹಿಂದಕ್ಕೆ.

ಬೆಣ್ಣೆನಗರಿ_17
ಹೀಗೆ ಹುಡುಕಿ ಬದಲಾಯಿಸೋ ರೆಜೆಕ್ಸ್ ಸೂತ್ರ ನನಗೆ ಬರಲ್ಲ. ಯಾರಾದ್ರೂ ಬರೆದುಕೊಡ್ತೀರಾ?

ಕೋಟೆ_ಕೋಡರ್
ರಾತ್ರಿ ಹಾಕ್ತೀನಿ. ದೋಸೆ ಎರಡು ಆಯ್ತು.

ಜೋಗಿಮಟ್ಟಿ_ಗಾಳಿ
ನಮ್ಮಲ್ಲೂ ಇದೇ ಕಥೆ, ಆದರೆ ಫೈಲ್‌ಗಳು ಶ್ರೀಲಿಪಿ ಅನ್ನೋ ಬೇರೆ ಸಾಫ್ಟ್‌ವೇರಿನಲ್ಲಿವೆ. ಇದೇ ಕನ್ವರ್ಟರ್ ನಡೆಯುತ್ತಾ? ಜೊತೆಗೆ ಹಳೇ ಪ್ರಶ್ನೆಪತ್ರಿಕೆಗಳೆಲ್ಲಾ ಸ್ಕ್ಯಾನ್ ಮಾಡಿದ ಪಿಡಿಎಫ್.

ಹಳೇಪೇಟೆ_ಹೈದ
ನಡೆಯಲ್ಲ, ಶ್ರೀಲಿಪಿಯ ಕೋಡ್‌ಗಳೇ ಬೇರೆ. ಸ್ಕ್ಯಾನ್ ಪಿಡಿಎಫ್ ಅಂದರೆ ಬರೀ ಚಿತ್ರ, ಅದಕ್ಕೆ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸೋ ಸಾಫ್ಟ್‌ವೇರ್) ಬೇಕು. ಬೇರೆ ಥ್ರೆಡ್ ಹಾಕಿ, ಇಲ್ಲಿ ಕಲಸಬೇಡಿ.