ಅಪ್‌ಡೇಟ್: ತಾರಸಿಯ ಮಲ್ಲಿಗೆಗೆ ಕೊನೆಗೂ ಮೊಗ್ಗು ಬಂತು

ಉಡುಪಿಯ ನಮ್ಮ ಮನೆ ತಾರಸಿಯ ಕುಂಡದಲ್ಲಿರುವ ಶಂಕರಪುರ ಮಲ್ಲಿಗೆ ಬರೀ ಎಲೆ ಬಿಡುತ್ತದೆ, ಮೊಗ್ಗೇ ಇಲ್ಲ ಅಂತ ಮಳೆಗಾಲ ಮುಗಿಯುವಾಗ ಕೇಳಿದ್ದೆ. ಈಗ ಬಂದಿದೆ ಮಾರಾಯ್ರೇ!

ಗೆಲ್ಲು ಸವರಿದ್ದೇ ಮುಖ್ಯ ಅಂತ ನನಗನಿಸುತ್ತದೆ. ಮಲ್ಲಿಗೆ ಮೊಗ್ಗು ಕಟ್ಟುವುದು ಹೊಸ ಚಿಗುರಿನ ತುದಿಯಲ್ಲಿ. ಹಳೇ ಗೆಲ್ಲು ಕತ್ತರಿಸಿದರೆ ತಾನೇ ಚಿಗುರು? ಜೊತೆಗೆ ಕುಂಡವನ್ನು ತೆಂಗಿನ ನೆರಳಿಂದ ಬಿಸಿಲಿಗೆ ಸರಿಸಿದೆ. ನೆಲಗಡಲೆ ಹಿಂಡಿ ನೆನೆಸಿ, ನೀರು ಬೆರೆಸಿ ಹಾಕಿದೆ. ಆ ವಾಸನೆಗೆ ಅಮ್ಮ ಕೆಳಗಿಂದಲೇ ಬೈದರು. ಯೂರಿಯಾ ಹಾಕಿ ಅಂದವರ ಮಾತು ಮಾತ್ರ ಕೇಳಲಿಲ್ಲ. ಯೂರಿಯಾ ಎಲೆಯನ್ನೇ ಬೆಳೆಸುವುದು, ಎಲೆ ಮೊದಲೇ ಜಾಸ್ತಿ ಇತ್ತಲ್ವಾ?

ಹೂ ಕಟ್ಟಲು ಬಾಳೆ ನಾರು ಹೇಳಿಕೊಟ್ಟ ಅಕ್ಕನಿಗೆ ಥ್ಯಾಂಕ್ಸ್. ಒಣಗಿದ ನಾರನ್ನು ನೆನೆಸಿ ಸೀಳಿದರೆ ತುಂಡಾಗುವುದಿಲ್ಲ, ನಿಜ. ಪೇಟೆಯ ಲೆಕ್ಕದಲ್ಲಿ ಒಂದು ಚೆಂಡಿಗೆ 800 ಹೂ, 4 ಚೆಂಡು ಸೇರಿದರೆ ಒಂದು ಅಟ್ಟೆ. ನಮ್ಮದು ಸದ್ಯ ದೇವರ ಪಟಕ್ಕೆ ಸಾಕು, ಅಷ್ಟೇ.

ಒಂದು ಪ್ರಶ್ನೆ ಉಳಿದಿದೆ. ಕೆಲವು ಮೊಗ್ಗುಗಳಲ್ಲಿ ತೂತು, ಒಳಗೆ ಸಣ್ಣ ಹುಳ. ಅವನ್ನು ಕಿತ್ತು ದೂರ ಎಸೆಯುತ್ತಿದ್ದೇನೆ. ಬೇವಿನೆಣ್ಣೆ ಹೊಡೆದವರಿದ್ದರೆ ಹೇಳಿ, ಹೂ ಬಿಡುವಾಗಲೂ ಹೊಡೆಯುತ್ತೀರಾ?