ಅಪ್‌ಡೇಟ್: ಕಪಾಟು ಖಾಲಿ ಮಾಡಿದ ಮೇಲಿನ ಮಳೆಗಾಲ

ಮಂಗಳೂರಿನ ಮಳೆಗೆ ಬಟ್ಟೆಗೆಲ್ಲ ಬೂಷ್ಟು ಹಿಡಿಯುತ್ತದೆ, ಏನು ಮಾಡಲಿ ಅಂತ ಮೇ ತಿಂಗಳಲ್ಲಿ ಕೇಳಿದ್ದೆ. ಬಟ್ಟೆಯನ್ನೇ ಕಡಿಮೆ ಮಾಡಿ ಅಂದಿರಿ ಹಲವರು. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಆದರೂ ಮಾಡಿದೆ. ಎಣಿಸಿದರೆ 94 ಇದ್ದವು. ಈಗ 31. ಅದರಲ್ಲಿ ಎರಡು ಉಡುಪಿ ಕೈಮಗ್ಗದ ಸೀರೆ, 2016ರಲ್ಲಿ ಜಿಐ ಟ್ಯಾಗ್ (ಆ ಪ್ರದೇಶದ್ದೇ ಎನ್ನುವ ಅಧಿಕೃತ ಗುರುತು) ಸಿಕ್ಕಿತಲ್ಲ, ಅದೇ. ತೆಳು ಹತ್ತಿ, ಫ್ಯಾನ್ ಗಾಳಿಗೇ ಒಣಗುತ್ತದೆ. ಜೀನ್ಸ್ ಒಂದೇ ಉಳಿಸಿದ್ದು. ಜುಲೈಯಲ್ಲಿ ಅದು ಒಣಗಲು ಮೂರು ದಿನ ಬೇಕು, ಅಲ್ವಾ?

ನಿಜವಾದ ಲಾಭ ಮಾತ್ರ ನಾನು ಅಂದುಕೊಂಡದ್ದಲ್ಲ. ತುರುಕಿ ತುಂಬಿದ ಕಪಾಟಿನಲ್ಲಿ ಗಾಳಿ ಆಡುವುದಿಲ್ಲ. ತೇವ ಅಲ್ಲೇ ನಿಲ್ಲುತ್ತದೆ, ಬೂಷ್ಟಿಗೆ ಅಷ್ಟೇ ಸಾಕು. ಈಗ ಬಟ್ಟೆಗಳ ನಡುವೆ ಆರಾಮಾಗಿ ಕೈ ಹೋಗುತ್ತದೆ. ಪ್ರತಿಯೊಂದೂ ತಿಂಗಳೊಳಗೆ ಒಮ್ಮೆಯಾದರೂ ಹೊರಗೆ ಬರುವುದರಿಂದ ಯಾವುದೂ ಮೂಲೆಯಲ್ಲಿ ಸುಮ್ನೆ ಬಿದ್ದಿರುವುದಿಲ್ಲ. ಈ ಸಲ ಬೂಷ್ಟು ಹಿಡಿದದ್ದು ಒಂದು ಚರ್ಮದ ಬೆಲ್ಟಿಗೆ ಮಾತ್ರ.

ಅಮ್ಮನ ರೇಷ್ಮೆ ಸೀರೆಗಳು ಈ ಲೆಕ್ಕದಲ್ಲಿಲ್ಲ. ಅವನ್ನು ಯಾರಿಗಾದರೂ ಕೊಡುವ ಧೈರ್ಯ ಬರಲಿಲ್ಲ. ಹಳೆ ಪಂಚೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಮಳೆ ಬಿಟ್ಟ ಮೇಲೆ ನೆರಳಲ್ಲಿ ಹರಡಿ, ಮಡಿಕೆ ಬದಲಿಸಬೇಕು.