ಓದುಗರ ಸ್ಪಂದನ: ಮಗಳ ಕಾಲೇಜಿಗಾಗಿ ಯಾವ ಊರು?

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನೆಲೆಸಿರುವ ಬ್ರಹ್ಮಾವರ ಮೂಲದ ಓದುಗರೊಬ್ಬರ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಪತಿಗೆ ಎಚ್-1ಬಿ ವೀಸಾದ (ಕಂಪನಿಯ ಮೂಲಕ ಸಿಗುವ ತಾತ್ಕಾಲಿಕ ಕೆಲಸದ ವೀಸಾ) ಸಾಫ್ಟ್‌ವೇರ್ ಉದ್ಯೋಗ. ಕಾಯಂ ವಾಸದ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದೆ, ಕಾರ್ಡಿನ ಸರದಿ ಮಾತ್ರ ದೂರ. ಮಣಿಪಾಲದಲ್ಲಿ ಹುಟ್ಟಿದ ಮಗಳಿಗೆ 14, ಅಮೆರಿಕದಲ್ಲಿ ಹುಟ್ಟಿದ ಮಗನಿಗೆ 7. ಮನೆಯಿಂದಲೇ ಕೆಲಸ ಮಾಡಲು ಕಂಪನಿ ಒಪ್ಪಿರುವುದರಿಂದ, ದುಬಾರಿ ಎಡಿಸನ್ ಬಿಟ್ಟು ಮಗಳ ಓದಿಗೆ ಅನುಕೂಲವಾಗುವ ಕಾಲೇಜು ಪಟ್ಟಣವೊಂದಕ್ಕೆ ಹೋಗುವ ಆಲೋಚನೆ ಅವರದು. ಪತಿಗೆ ಮಿಷಿಗನ್‌ನ ಆನ್ ಆರ್ಬರ್ ಮೇಲೆ ಮನಸ್ಸು, ಇವರಿಗೆ ಇಲಿನಾಯ್‌ನ ಶಾಂಪೇನ್-ಅರ್ಬಾನಾ ಮೇಲೆ. ಎರಡೂ ಆಯಾ ರಾಜ್ಯದ ವಿಶ್ವವಿದ್ಯಾಲಯ ಇರುವ ಊರುಗಳು. "ಯಾವುದು ಸರಿ? ಅಥವಾ ಎಲ್ಲ ಬಿಟ್ಟು ಊರಿಗೇ ಬರುವುದಾ?" ಎಂದು ಕೇಳಿದ್ದರು. ಬ್ರಹ್ಮಾವರದ ಮನೆಯಲ್ಲಿ ತಾಯಿ ಒಬ್ಬರೇ ಇದ್ದಾರೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಮುಗಿಸಿ ಬಂದವನು ನಾನು. ಈಗ ಆನ್ ಆರ್ಬರ್ ಪಕ್ಕದ ಕ್ಯಾಂಟನ್‌ನಲ್ಲಿ ಸಂಸಾರ. ಆನ್ ಆರ್ಬರ್ ಚಂದದ ಊರು, ಎರಡು ಮಾತಿಲ್ಲ. ಒಳ್ಳೆಯ ಲೈಬ್ರರಿ, ಬಸ್ಸು, ದೊಡ್ಡ ಆಸ್ಪತ್ರೆ, ಅರ್ಧ ಗಂಟೆಯಲ್ಲಿ ಡಿಟ್ರಾಯಿಟ್ ವಿಮಾನ ನಿಲ್ದಾಣ. ಆದರೆ ಬಾಡಿಗೆ ನಡೆಯುವುದು ವಿದ್ಯಾರ್ಥಿಗಳ ಲೆಕ್ಕದಲ್ಲಿ. ಹೆಚ್ಚಿನ ಕರಾರು ಆಗಸ್ಟ್‌ನಿಂದ ಆಗಸ್ಟ್‌ಗೆ. ಅದನ್ನು ತಿಂಗಳುಗಟ್ಟಲೆ ಮುಂಚೆಯೇ ಮಾಡಿ ಮುಗಿಸಿರುತ್ತಾರೆ. ಊರಿನ ಜನಸಂಖ್ಯೆ ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು, ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕೂರುವವರು ಒಂದು ಲಕ್ಷಕ್ಕೂ ಮೇಲೆ. ಪಂದ್ಯದ ಶನಿವಾರ ಮನೆಯಿಂದ ಕಾರು ತೆಗೆಯುವ ಹಾಗಿಲ್ಲ. ಮಕ್ಕಳಿರುವ ನಮ್ಮವರು ಹೆಚ್ಚಾಗಿ ಕ್ಯಾಂಟನ್, ನೋವೈ ಕಡೆ ಮನೆ ಮಾಡುತ್ತಾರೆ. ದೇವಸ್ಥಾನ, ದಿನಸಿ ಅಂಗಡಿ, ಪಂಪ ಕನ್ನಡ ಕೂಟದ ಸ್ನೇಹಿತರು ಎಲ್ಲ ಕೈಗೆಟಕುತ್ತಾರೆ.

ಇನ್ನು ಮುಖ್ಯ ಮಾತು. ಕಾಲೇಜು ಇರುವ ಊರಲ್ಲಿ ಮನೆ ಮಾಡಿದರೆ ಸೀಟೂ ಸಿಗುವುದಿಲ್ಲ, ಶುಲ್ಕವೂ ಇಳಿಯುವುದಿಲ್ಲ. ಶುಲ್ಕಕ್ಕೆ ನೋಡುವುದು ರಾಜ್ಯವನ್ನು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಹೊರರಾಜ್ಯದವರ ಶುಲ್ಕ ಒಳಗಿನವರದರ ಮೂರು ಪಟ್ಟಿಗೂ ಹೆಚ್ಚು, ಇಲಿನಾಯ್‌ನಲ್ಲಿ ಸುಮಾರು ಎರಡು ಪಟ್ಟು. ಎಚ್-4 ವೀಸಾದ (ಎಚ್-1ಬಿಯವರ ಹೆಂಡತಿ ಮಕ್ಕಳಿಗೆ ಸಿಗುವುದು) ಮಕ್ಕಳನ್ನು ಆ ರಾಜ್ಯದವರೆಂದು ಎಣಿಸುತ್ತಾರೋ ಇಲ್ಲವೋ ಎಂಬುದನ್ನು ವಿಶ್ವವಿದ್ಯಾಲಯದಿಂದಲೇ ಬರಹದಲ್ಲಿ ತರಿಸಿಕೊಳ್ಳಿ. ಎಣಿಸಿದರೂ ಫೆಡರಲ್ (ಕೇಂದ್ರ ಸರಕಾರದ) ಸಹಾಯಧನ ಅವರಿಗಿಲ್ಲ. ಅಲ್ಲದೆ ನೀವು ಈಗಾಗಲೇ ಕಾಲೇಜು ಪಟ್ಟಣದ ಮಗ್ಗುಲಲ್ಲೇ ಇದ್ದೀರಿ! 1766ರಲ್ಲಿ ಶುರುವಾದ ರಟ್ಗರ್ಸ್ ವಿಶ್ವವಿದ್ಯಾಲಯ ಎಡಿಸನ್‌ಗೆ ತಾಗಿಕೊಂಡಿರುವ ನ್ಯೂಬ್ರನ್ಸ್‌ವಿಕ್‌ನಲ್ಲಿದೆ, ಅದೂ ನಿಮ್ಮದೇ ರಾಜ್ಯದ್ದು. ಅದನ್ನು ಯಾಕೆ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ನನಗೆ ಅರ್ಥವಾಗಲಿಲ್ಲ. ಹೋಗುವುದೇ ಆದರೆ ಒಂಬತ್ತನೆಯ ತರಗತಿಗೆ ಮುಂಚೆ ಹೋಗಿ. ಅಲ್ಲಿಂದ ಹನ್ನೆರಡರವರೆಗಿನ ಅಂಕಗಳೆಲ್ಲ ಕಾಲೇಜಿನ ಮುಂದೆ ಹೋಗುತ್ತವೆ.

— ಕ್ಯಾಂಟನ್, ಮಿಷಿಗನ್ (ಮೂಲ ಪುತ್ತೂರು)

*

ತಾಯಿ ಒಬ್ಬರೇ ಇದ್ದಾರೆ ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋಗಿದ್ದೀರಿ. ಮಕ್ಕಳ ಕಾಲೇಜಿನ ಪಕ್ಕ ಮನೆ ಹುಡುಕುವವರು ಅಮ್ಮನ ಪಕ್ಕದಲ್ಲಿ ಹುಡುಕಬಹುದಿತ್ತು. ನನಗೆ ಹೇಳಲು ಬೇರೇನೂ ಇಲ್ಲ.

— ನಿವೃತ್ತ ಶಿಕ್ಷಕಿ, ಕುಂದಾಪುರ

*

ಮಾತು ಗಡುಸಾಗಿದೆ. ಆದರೆ ಇದೇ ಅರ್ಥದ ಪತ್ರಗಳು ಇನ್ನೂ ಬಂದಿರುವುದರಿಂದ ಕೈಬಿಡಲಿಲ್ಲ. ತಾಯಿಯ ಚಿಂತೆ ಪತ್ರ ಬರೆದವರಿಗೂ ಇದೆ. ಅದನ್ನು ಅವರು ಕೊನೆಯಲ್ಲಿ ಬರೆದರು, ಅಷ್ಟೆ. — ಸಂ.

*

ಅಮೆರಿಕದ ಊರುಗಳ ಬಗ್ಗೆ ನನಗೆ ಏನೇನೂ ಗೊತ್ತಿಲ್ಲ. ಮಕ್ಕಳ ಕಾಲೇಜಿಗೆಂದು ಊರು ಬದಲಿಸಿದರೆ ಮನೆಯೊಳಗೆ ಎಂತ ಆಗುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಅಬುಧಾಬಿಯಲ್ಲಿ ಇದ್ದವರು. ನನ್ನ ತವರು ಶಿರ್ವ, ಗಂಡನ ಮನೆ ಬೆಳ್ಮಣ್. ಮಗ ಹತ್ತನೇ ತರಗತಿಗೆ ಬಂದಾಗ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಕೊಲ್ಲಿಯಲ್ಲಿ ಇರುವವರಿಗೆಲ್ಲ ಆ ವಯಸ್ಸು ಬಂದಾಗ ಎದೆ ಹೊಡೆದುಕೊಳ್ಳುತ್ತದೆ, ಶಾಲೆ ಅಲ್ಲಿ ಮುಗಿಯುತ್ತದೆ, ಮುಂದೆ ಎಲ್ಲಿ? ಬಂಧುಗಳೆಲ್ಲ ಮಣಿಪಾಲ ಅಂದರು. 1953ರಲ್ಲಿ ಟಿ.ಎಂ.ಎ. ಪೈಯವರು ಬೋಳು ಗುಡ್ಡದ ಮೇಲೆ ಮೆಡಿಕಲ್ ಕಾಲೇಜು ಕಟ್ಟಿದ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಆಸ್ಪತ್ರೆ ಇದೆ, ಕಾಲೇಜು ಇದೆ, ತವರು ಹತ್ತಿರ. ಪರ್ಕಳದ ಕಡೆ ಸಾಲ ಮಾಡಿ ಫ್ಲ್ಯಾಟ್ ಕೊಂಡೆವು. ಸಾಲ ತೀರಿಸಲು ಇವರು ಅಲ್ಲೇ ಉಳಿದರು. ನಾನು ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದೆ.

ಬಂದ ಮೇಲೆ ಎಲ್ಲರೂ ಒಂದೇ ಸಮ ಹೇಳಿದ್ದು, ಪಿಯುಸಿಗೆ ಹಾಸ್ಟೆಲ್ ಇರುವ ಕಾಲೇಜೇ ಆಗಬೇಕು, ಮನೆಯಿಂದ ಹೋದರೆ ರ್‍ಯಾಂಕ್ ಬರುವುದಿಲ್ಲ ಎಂದು. ಹಾಗಾಗಿ ಯಾರ ಓದಿಗೆಂದು ಮನೆ ಕೊಂಡೆವೋ ಅವನು ಬೇರೆ ತಾಲ್ಲೂಕಿನ ಹಾಸ್ಟೆಲಿಗೆ ಹೋದ. ವಾರಕ್ಕೊಮ್ಮೆ ಫೋನು. ಅದು ಮುಗಿದಾಗ ಸೀಟು ಸಿಕ್ಕಿದ್ದು ಬೆಂಗಳೂರಿನಲ್ಲಿ. ಆ ಮನೆಯಲ್ಲಿ ಅವನ ಕೋಣೆ ಎಂದು ಒಂದು ಇದೆ, ಅದರಲ್ಲಿ ಅವನು ಮಲಗಿದ್ದು ರಜೆಯಲ್ಲಿ ಮಾತ್ರ.

ಉಳಿದದ್ದು ನಾನು ಮತ್ತು ಮಗಳು. ಆಗ ಅವಳಿಗೆ ಆರನೇ ತರಗತಿ. ಅಲ್ಲಿ ಅರೇಬಿಕ್, ಹಿಂದಿ ಕಲಿತವಳು, ಇಲ್ಲಿ ಕನ್ನಡದ ಕಾಗುಣಿತದಿಂದ ಶುರು ಮಾಡಬೇಕಾಯಿತು. ಮನೆಯಲ್ಲಿ ಕೊಂಕಣಿ, ಕ್ಲಾಸಿನಲ್ಲಿ ಇಂಗ್ಲಿಷ್, ಆಟಕ್ಕೆ ಬಿಟ್ಟಾಗ ಮಕ್ಕಳೆಲ್ಲ ತುಳು. ಅವಳು ಬುತ್ತಿ ಹಿಡಿದುಕೊಂಡು ಟೀಚರ ಹತ್ತಿರ ಕೂರುತ್ತಿದ್ದಳಂತೆ. ನಮ್ಮ ಕಟ್ಟಡದಲ್ಲಿ ಸಂಸಾರಗಳು ಬೆರಳೆಣಿಕೆ, ಉಳಿದದ್ದೆಲ್ಲ ವಿದ್ಯಾರ್ಥಿಗಳು. ಒಳ್ಳೆಯ ಮಕ್ಕಳೇ, ಆಂಟಿ ಎಂದು ಮಾತಾಡಿಸುತ್ತಿದ್ದರು. ಆದರೆ ಪರೀಕ್ಷೆ ಮುಗಿದ ಕೂಡಲೇ ಖಾಲಿ ಮಾಡುತ್ತಾರೆ, ಹೊಸ ವರ್ಷಕ್ಕೆ ಹೊಸ ಮುಖ. ಕ್ರಿಸ್‌ಮಸ್‌ಗೆ ಕುಸ್ವಾರ್ ಮಾಡಿ ಬಟ್ಟಲಲ್ಲಿ ಹಾಕಿಟ್ಟರೆ ಕೊಡಲು ಪಕ್ಕದ ಬಾಗಿಲಲ್ಲಿ ಯಾರೂ ಇಲ್ಲ, ಎಲ್ಲ ರಜೆಗೆ ಹೋಗಿರುತ್ತಾರೆ. ಹದಿನೆಂಟರಿಂದ ಇಪ್ಪತ್ತೆರಡು ವಯಸ್ಸಿನವರಿಗೆ ಕಟ್ಟಿದ ಊರಿನಲ್ಲಿ ಹನ್ನೊಂದರ ಹುಡುಗಿಗೂ ನಲ್ವತ್ತರ ಹೆಂಗಸಿಗೂ ಜಾಗ ಹುಡುಕುವುದು ಕಷ್ಟ. ಇದನ್ನು ನನಗೆ ಮುಂಚೆ ಯಾರೂ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಇವರ ರಜೆ ಬರುವುದು ಜುಲೈಯಲ್ಲಿ. ಇಲ್ಲಿ ಶಾಲೆಗೆ ರಜೆ ಏಪ್ರಿಲ್, ಮೇ. ಹಾಗಾಗಿ ಊರಿಗೆ ಬಂದ ಮನುಷ್ಯ ಮಳೆ ನೋಡುತ್ತಾ ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು. ಸಂಜೆ ಮಗಳು ಬಂದರೆ ಟ್ಯೂಷನ್. ಅಪ್ಪ ಏನಾದರೂ ಕೇಳಿದರೆ ನನ್ನ ಮುಖ ನೋಡಿ ಉತ್ತರ ಕೊಡುತ್ತಿದ್ದಳು. ಅದನ್ನು ನೋಡಿ ನಾನು ಅಡುಗೆಮನೆಗೆ ಹೋಗಿ ಅತ್ತದ್ದು ಇವರಿಗೆ ಇವತ್ತಿಗೂ ಗೊತ್ತಿಲ್ಲ.

ಮಗ ಈಗ ಜರ್ಮನಿಯಲ್ಲಿದ್ದಾನೆ. ಒಮ್ಮೆ ಯಾವುದೋ ಮಾತಿಗೆ "ನಿನಗೋಸ್ಕರ ಅಲ್ವಾ ನಾವು ಎಲ್ಲ ಬಿಟ್ಟು ಬಂದದ್ದು" ಎಂದೆ. "ನಾನು ಕೇಳಿದ್ದೆನಾ ಮಮ್ಮಿ?" ಎಂದ. ಸಿಟ್ಟಿನಲ್ಲಿ ಹೇಳಲಿಲ್ಲ, ಮೆಲ್ಲಗೇ ಹೇಳಿದ. ಆ ಮಾತು ಇನ್ನೂ ಕಿವಿಯಲ್ಲಿದೆ.

ತಂಗೀ, ನೀವು ಯಾವ ಊರಿಗೆ ಬೇಕಾದರೂ ಹೋಗಿ. ನಾಲ್ಕು ಜನ ಒಂದೇ ಮೇಜಿನಲ್ಲಿ ಊಟ ಮಾಡುವ ಊರಾಗಿರಲಿ. ಗಂಡನ ಕೆಲಸ ಒಂದು ಕಡೆ, ನೀವು ಮಕ್ಕಳ ಜೊತೆ ಇನ್ನೊಂದು ಕಡೆ ಎಂಬ ಏರ್ಪಾಡಿಗೆ ಯಾರು ಎಷ್ಟು ಬುದ್ಧಿ ಹೇಳಿದರೂ ಒಪ್ಪಬೇಡಿ.

— ಹೆಸರು ಬೇಡ, ಮಣಿಪಾಲ

*

ಈ ಪತ್ರವನ್ನು ಕತ್ತರಿಸಲು ಮನಸ್ಸು ಬರಲಿಲ್ಲ. — ಸಂ.

*

ಮಂಗಳೂರಿಗೆ ಬನ್ನಿ. ಆನ್ ಆರ್ಬರ್‌ನಲ್ಲಿ ಇರುವುದೆಲ್ಲ ನಮ್ಮಲ್ಲೂ ಉಂಟು. ಸಂತ ಅಲೋಶಿಯಸ್ 1880ರಿಂದ, ಹೆಣ್ಣುಮಕ್ಕಳ ಸಂತ ಆಗ್ನೆಸ್ 1921ರಿಂದ, ಕೆಎಂಸಿ ಮೆಡಿಕಲ್ ಕಾಲೇಜು 1955ರಿಂದ, ಸುರತ್ಕಲ್‌ನ ಇಂಜಿನಿಯರಿಂಗ್ ಕಾಲೇಜು 1960ರಿಂದ, ಕೊಣಾಜೆಯ ವಿಶ್ವವಿದ್ಯಾಲಯ 1980ರಿಂದ. ಬಜ್ಪೆಯಲ್ಲಿ ವಿಮಾನ ಇಳಿದರೆ ಬ್ರಹ್ಮಾವರದ ಅಮ್ಮನ ಮನೆ ಎರಡು ಗಂಟೆಯ ದಾರಿ. ಮಣಿಪಾಲದ ಹಾಗೆ ಇದು ಬರೀ ವಿದ್ಯಾರ್ಥಿಗಳ ಊರಲ್ಲ. ಬಂದರು ಇದೆ, ಮಾರ್ಕೆಟು ಇದೆ, ಎಲ್ಲ ವಯಸ್ಸಿನವರೂ ಇದ್ದಾರೆ. ಹುಡುಗಿ ಬಸ್ಸು ಹತ್ತಿ ಒಬ್ಬಳೇ ಕಾಲೇಜಿಗೆ ಹೋಗಿ ಬರಬಹುದು. ಕದ್ರಿ, ಬಿಜೈ ಕಡೆ ಮನೆ ನೋಡಿ.

— ವ್ಯಾಪಾರಿ, ಬಿಜೈ, ಮಂಗಳೂರು

*

ಊರಿಗೆ ಬರುವುದಾದರೆ ಸೀಟಿನ ಲೆಕ್ಕ ಸರಿಯಾಗಿ ತಿಳಿದು ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಪಿಯು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು ನಾನು. ಹೊರದೇಶದಿಂದ ಬಂದ ಎಷ್ಟೋ ಮಕ್ಕಳು ಸಿಇಟಿ ಅರ್ಜಿ ತುಂಬುವ ಹೊತ್ತಿಗೆ ಕಂಗಾಲಾದದ್ದನ್ನು ನೋಡಿದ್ದೇನೆ.

ಸಿಇಟಿಯ ಸರಕಾರಿ ಸೀಟಿಗೆ ಸಾಮಾನ್ಯವಾಗಿ ಕೇಳುವುದು ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಎಂಬ ಷರತ್ತು. ನಿಮ್ಮ ಮಗಳಿಗೆ ಅದು ಆಗದು. ಆದರೆ ಇನ್ನೊಂದು ದಾರಿ ಇದೆ. ಪಿಯುಸಿಯ ಎರಡೂ ವರ್ಷ ಇಲ್ಲೇ ಓದಿ ಪಾಸಾಗಿ, ತಂದೆ ಅಥವಾ ತಾಯಿ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಅರ್ಹತೆ ಸಿಗುತ್ತದೆ. ನಿಮ್ಮ ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ಮಾಡಿಸಿ ಇಟ್ಟುಕೊಳ್ಳಿ. ಅಂದರೆ ಬರುವುದಿದ್ದರೆ ಹತ್ತನೇ ತರಗತಿ ಮುಗಿಯುವಾಗ ಬರಬೇಕು. ದ್ವಿತೀಯ ಪಿಯುಸಿಗೆ ಬಂದರೆ ಈ ದಾರಿ ಮುಚ್ಚಿತು. ಹನ್ನೆರಡು ಅಲ್ಲೇ ಮುಗಿಸಿದರೆ ಸುರತ್ಕಲ್‌ನಂಥ ಎನ್‌ಐಟಿಗಳಿಗೆ ದಾಸಾ ಯೋಜನೆ (ಹೊರದೇಶದಲ್ಲಿ ಓದಿದವರಿಗೆ ನೇರ ಪ್ರವೇಶ) ಇದೆ. ಅದಕ್ಕೂ ಜೆಇಇ ಮೇನ್ ಬರೆಯಬೇಕು, ಶುಲ್ಕ ಡಾಲರಿನಲ್ಲಿ.

ಮಗನ ವಿಷಯ ಬೇರೆ. ಅವನದು ಅಮೆರಿಕದ ಪಾಸ್‌ಪೋರ್ಟು. 2021ರ ಮಾರ್ಚ್ ಅಧಿಸೂಚನೆಯ ನಂತರ ಒಸಿಐ ಕಾರ್ಡು (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಪಡೆದ ಮಕ್ಕಳಿಗೆ ಪ್ರವೇಶದಲ್ಲಿ ಅನಿವಾಸಿ ಭಾರತೀಯರ ಸೀಟು ಅಥವಾ ಹೆಚ್ಚುವರಿ ಸೀಟುಗಳು ಮಾತ್ರ, ಭಾರತೀಯ ಪ್ರಜೆಗಳಿಗೆಂದೇ ಇರುವ ಸೀಟು ಇಲ್ಲ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಇಲ್ಲಿ ಒಂದು ನ್ಯಾಯ, ಅಲ್ಲಿ ಇನ್ನೊಂದು. ಅಲ್ಲಿ ಮಗ ಪ್ರಜೆ, ಮಗಳು 21 ತುಂಬಿದರೆ ಎಚ್-4ನಿಂದ ಹೊರಗೆ. ನೀವು ಮಗಳಿಗೆಂದು ಊರು ಹುಡುಕುವಾಗ ಏಳು ವರ್ಷದ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹುಡುಕಿ.

— ನಿವೃತ್ತ ಉಪನ್ಯಾಸಕ, ಉಡುಪಿ

*

ಕಂಪನಿ ಒಪ್ಪಿದೆ ಎಂದಿದ್ದೀರಲ್ಲ, ಒಪ್ಪಿದ್ದು ಮ್ಯಾನೇಜರೋ ವಕೀಲರೋ? ಎಚ್-1ಬಿಯಲ್ಲಿ ಕೆಲಸದ ಜಾಗ ಬೇರೆ ಮಹಾನಗರ ವಲಯಕ್ಕೆ ಹೋದರೆ, ಮನೆಯಿಂದ ಮಾಡುವ ಕೆಲಸವಾದರೂ, ತಿದ್ದುಪಡಿ ಅರ್ಜಿ ಹಾಕಲೇಬೇಕು. 2015ರಿಂದ ಇದು ಸ್ಪಷ್ಟ. ಗ್ರೀನ್ ಕಾರ್ಡಿನ ಲೇಬರ್ ಸರ್ಟಿಫಿಕೇಷನ್ (ಆ ಕೆಲಸಕ್ಕೆ ಅಲ್ಲಿಯವರು ಸಿಗಲಿಲ್ಲ ಎಂಬ ಕಾರ್ಮಿಕ ಇಲಾಖೆಯ ಪ್ರಮಾಣಪತ್ರ) ಕೂಡ ಜಾಗಕ್ಕೆ ಅಂಟಿದ್ದು, ಅದನ್ನು ಹೊಸದಾಗಿ ಮಾಡಿಸಬೇಕಾಗಿ ಬರಬಹುದು. ಐ-140 ಆಗಿರುವುದರಿಂದ ಸರದಿಯ ದಿನಾಂಕ ಕೈಬಿಡುವುದಿಲ್ಲ, ಅದೊಂದು ಸಮಾಧಾನ. ಲಾರಿಗೆ ಸಾಮಾನು ಹೇರುವ ಮೊದಲು ವಕೀಲರ ಪತ್ರ ಕೈಯಲ್ಲಿರಲಿ.

— ಅಮೆರಿಕದಿಂದ ಮರಳಿದವರು, ಕಾಪು

*

ನಾನು ಶಾಂಪೇನ್‌ನಲ್ಲೇ ಇದ್ದೇನೆ. ಸುತ್ತ ಜೋಳ ಮತ್ತು ಸೋಯಾ ಹೊಲ, ಕಣ್ಣು ಹಾಯುವಷ್ಟೂ ಸಮತಟ್ಟು. ನಮ್ಮ ಕಡೆಯವರಿಗೆ ಗುಡ್ಡ ಕಾಣದೆ ಮೊದಲ ವರ್ಷ ಜೀವ ಹಿಂಡುತ್ತದೆ. ಬಾಡಿಗೆ ಕಡಿಮೆ, ಜನ ಸಭ್ಯರು. ಷಿಕಾಗೊ ಕಾರಿನಲ್ಲಿ ಎರಡೂವರೆ ಗಂಟೆ.

ನಿಮ್ಮ ಪತ್ರದಲ್ಲಿ ಗಂಡನ ಕೆಲಸ ಇದೆ, ಮಗಳ ಕಾಲೇಜು ಇದೆ, ನೀವಿಲ್ಲ. ಪತಿಯ ಐ-140 ಆಗಿದ್ದರೆ 2015ರಿಂದ ಎಚ್-4 ಹೆಂಡತಿಗೆ ಕೆಲಸದ ಪರವಾನಗಿ ಕೇಳಲು ಅವಕಾಶ ಇದೆ. ವಿಶ್ವವಿದ್ಯಾಲಯ ಇರುವ ಊರಲ್ಲಿ ಲೈಬ್ರರಿ, ಲ್ಯಾಬು, ಆಫೀಸು ಎಂದು ಏನಾದರೊಂದು ಕೆಲಸ ಇರುತ್ತದೆ. ನಾನು ಹಾಗೆಯೇ ಸೇರಿದೆ, ಈ ಊರು ನನ್ನದಾದದ್ದು ಆಮೇಲೆ. ನೀವು ಏನು ಓದಿದ್ದೀರಿ? ಏನು ಮಾಡಬೇಕೆಂದಿದ್ದೀರಿ? ಅದನ್ನೂ ಊರಿನ ಲೆಕ್ಕಕ್ಕೆ ಸೇರಿಸಿ.

— ಶಾಂಪೇನ್ (ಮೂಲ ಕಾರ್ಕಳ)

*

ನಾನು ಪಿಯುಸಿ ವಿದ್ಯಾರ್ಥಿನಿ. ಮಸ್ಕತ್‌ನಿಂದ ಬಂದವಳು. ಕಳೆದ ಸಂಚಿಕೆಯ ಆ ಪತ್ರವನ್ನು ಅಮ್ಮ ಓದಿ ಹೇಳಿದರು. ಆ ಹುಡುಗಿಗೆ ಎಂತ ಬೇಕು ಅಂತ ಯಾರೂ ಬರೆದಿಲ್ಲ. ಕಾಲೇಜು ಯಾವುದು ಅಂತ ನಮಗೆ 14ರಲ್ಲಿ ಗೊತ್ತಿರುವುದಿಲ್ಲ, ಆದರೆ ಯಾರನ್ನು ಬಿಟ್ಟು ಬರಲಿಕ್ಕೆ ಆಗುವುದಿಲ್ಲ ಅಂತ ಗೊತ್ತಿರುತ್ತದೆ. ಅಷ್ಟಾದರೂ ಕೇಳಿ. ನನಗೆ ಇಲ್ಲಿ ಈಗ ಒಳ್ಳೆಯದಾಗಿದೆ, ಫ್ರೆಂಡ್ಸ್ ಇದ್ದಾರೆ. ಮೊದಲೇ ಹೇಳಿದ್ದರೆ ಅಲ್ಲಿಯವರಿಗೆ ಸರಿಯಾಗಿ ಬಾಯ್ ಹೇಳಿ ಬರುತ್ತಿದ್ದೆ.

— ಕಂಕನಾಡಿ, ಮಂಗಳೂರು

*

ಸ್ಥಳವಿಲ್ಲದೆ ಉಳಿದ ಪತ್ರಗಳನ್ನು ಎಡಿಸನ್‌ನ ಓದುಗರಿಗೆ ಕಳುಹಿಸಿದ್ದೇವೆ. ವೀಸಾ ಮತ್ತು ಪ್ರವೇಶದ ನಿಯಮಗಳು ಬದಲಾಗುತ್ತಿರುತ್ತವೆ, ಸಂಬಂಧಪಟ್ಟವರಲ್ಲಿ ಖಚಿತಪಡಿಸಿಕೊಳ್ಳಬೇಕಾಗಿ ವಿನಂತಿ. ಅವರ ಮಗಳು ತಾನೇ ಎರಡು ಸಾಲು ಬರೆಯಲು ಇಷ್ಟಪಟ್ಟರೆ, ಅದು ಇಂಗ್ಲಿಷಿನಲ್ಲಿದ್ದರೂ ಸರಿ, ಕನ್ನಡಕ್ಕೆ ತಂದು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. — ಸಂ.